ಸೀಜ್ ಆದ 407: ಚೇಂಬರ್ ಬಿಚ್ಚಿಸದೆ ದುಡ್ಡು ಬಿಚ್ಚಬೇಡಿ

ನಾಲ್ಕು ತಿಂಗಳ ಹಿಂದೆ ಕೊಂಡ ಹಳೇ ಟಾಟಾ 407 ಸಣ್ಣ ಲಾರಿ ಲೋಡಿನಲ್ಲಿ ಹೀಟಾಗಿ, ಎಂಜಿನ್ ತಿರುಗದೆ ನಿಂತುಬಿಟ್ಟಿದೆ. ಒಬ್ಬ ಮೇಸ್ತ್ರಿ ಫುಲ್ ಎಂಜಿನ್ ಕೆಲಸ ಅಂತಾರೆ, ಇನ್ನೊಬ್ಬರು ಗುಜರಿಯಿಂದ ಹಾಫ್ ಎಂಜಿನ್ (ಹೆಡ್ ಇಲ್ಲದ ಕೆಳಭಾಗ) ತಂದು ಕೂರಿಸೋಣ ಅಂತಾರೆ, ಯಾರ ಮಾತು ಕೇಳಲಿ ಅಂದಿದ್ದೀರಿ. ಸದ್ಯಕ್ಕೆ ಇಬ್ಬರದೂ ಬೇಡ. ಇಬ್ಬರೂ ಒಳಗೆ ಏನಾಗಿದೆ ಅಂತ ನೋಡೇ ಇಲ್ಲವಲ್ಲ!

ನನ್ನದೂ 407. ಹಾಸನದ ಆಲೂಗಡ್ಡೆ ಮಂಗಳೂರಲ್ಲಿ ಇಳಿಸಿ, ಹೆಂಚು ತುಂಬಿಕೊಂಡು ಶಿರಾಡಿ ಘಾಟಿ ಹತ್ತುತ್ತಿದ್ದೆ. ಹೀಟಿನ ಮುಳ್ಳು ಏರಿತು, ಆಮೇಲೆ ತಾನಾಗಿ ಇಳಿಯಿತು. ಅಬ್ಬಾ, ತಣ್ಣಗಾಯ್ತು ಅಂದುಕೊಂಡೆ. ನೀರೆಲ್ಲ ಖಾಲಿಯಾಗಿ ಸೆನ್ಸರಿಗೆ ತಾಗುವುದಕ್ಕೆ ಹನಿಯೂ ಇರಲಿಲ್ಲ, ಮುಳ್ಳು ಇಳಿದದ್ದು ಅದಕ್ಕೆ. ಎರಡು ತಿರುವು ದಾಟುವಷ್ಟರಲ್ಲಿ ಎಂಜಿನ್ ಹಿಡಿದುಕೊಂಡಿತು.

ಮೊದಲು ನಿಮ್ಮ ಎಂಜಿನ್ ನಿಜಕ್ಕೂ ಸೀಜ್ ಆಗಿದೆಯಾ, ಅಂದರೆ ಒಳಗೇ ಬಿಗಿದು ಹಿಡಿದುಕೊಂಡಿದೆಯಾ ನೋಡಿಸಿ. ಸ್ಟಾರ್ಟರ್ ಮೋಟಾರಿನ ಪುಟ್ಟ ಹಲ್ಲುಚಕ್ರ (ಪಿನಿಯನ್) ಎಂಜಿನ್ನಿನ ದೊಡ್ಡ ಚಕ್ರದ (ಫ್ಲೈವೀಲ್) ಹಲ್ಲಿಗೆ ಸಿಕ್ಕಿಕೊಂಡರೂ ಎಂಜಿನ್ ಹೀಗೇ ಅಲುಗಾಡದೆ ನಿಲ್ಲುತ್ತದೆ. ಸ್ಟಾರ್ಟರ್ ಇಳಿಸಿ, ಸಿಲಿಂಡರಿಗೆ ಡೀಸೆಲ್ ಚಿಮ್ಮಿಸುವ ನಾಲ್ಕೂ ನಾಜಲ್ ಬಿಚ್ಚಿ, ಕಬ್ಬಿಣದ ರಾಡ್ ಹಾಕಿ ಎಂಜಿನ್ನನ್ನು ಕೈಯಲ್ಲೇ ತಿರುಗಿಸಲಿ. ನಾಜಲ್ ತೂತಿನಿಂದ ನೀರು ಚಿಮ್ಮಿದರೆ ಹೆಡ್ ಗ್ಯಾಸ್ಕೆಟ್ (ಹೆಡ್ಡಿಗೂ ಬ್ಲಾಕಿಗೂ ನಡುವಿನ ಹಾಳೆ) ಹೋಗಿ ಸಿಲಿಂಡರಿಗೆ ನೀರು ಇಳಿದಿದೆ ಅಂತ ಅರ್ಥ; ಪಿಸ್ಟನ್ನಿಗೆ ಸೇರಿದ ಕನೆಕ್ಟಿಂಗ್ ರಾಡ್ ಬಗ್ಗಿರದಿದ್ದರೆ ಸಣ್ಣ ಖರ್ಚಿನಲ್ಲೇ ಮುಗಿಯಬಹುದು. ಗೇರಿಗೆ ಹಾಕಿ ಇನ್ನೊಂದು ಗಾಡಿಯಿಂದ ಮಾತ್ರ ಎಳೆಸಬೇಡಿ. ಕನೆಕ್ಟಿಂಗ್ ರಾಡ್ ಮುರಿದು ಬ್ಲಾಕ್ ಒಡೆದರೆ ರಿಪೇರಿ ಅನ್ನುವ ಮಾತೇ ಇಲ್ಲ.

ಅಷ್ಟಕ್ಕೂ ತಿರುಗದಿದ್ದರೆ ಹೆಡ್ ಎತ್ತಿಸಿ, ಕೆಳಗೆ ಚೇಂಬರ್ (ಎಂಜಿನ್ ಆಯಿಲ್ ನಿಲ್ಲುವ ತಟ್ಟೆ) ಇಳಿಸಿ. ಆ ಹೊತ್ತಿಗೆ ನೀವೇ ಪಕ್ಕದಲ್ಲಿ ನಿಂತಿರಿ. ಕ್ರ್ಯಾಂಕಿನ (ಪಿಸ್ಟನ್‌ಗಳು ತಿರುಗಿಸುವ ದಂಡ) ಬೇರಿಂಗ್ ಹಿಂಬದಿ ಒರೆಸಿ ನೋಡಿದರೆ ಸೈಜು ಒತ್ತಿರುತ್ತದೆ. ಎಸ್‌ಟಿಡಿ (ಸ್ಟ್ಯಾಂಡರ್ಡ್) ಅಂತಿದ್ದರೆ ಕ್ರ್ಯಾಂಕಿಗೆ ಇನ್ನೂ ಗ್ರೈಂಡಿಂಗ್ ಆಗಿಲ್ಲ. ನನ್ನದರಲ್ಲಿ 0.25 ಇತ್ತು, ಅಂದರೆ ಕ್ರ್ಯಾಂಕ್ ಆಗಲೇ ಅಷ್ಟು ಮಿ.ಮೀ. ಸವೆಸಿದ್ದು; 0.50ಕ್ಕೆ ಉಜ್ಜಿಸಿ, ಲೈನರ್ (ಸಿಲಿಂಡರಿನ ಒಳಕೊಳವೆ), ಪಿಸ್ಟನ್ ಹೊಸದು ಹಾಕಿಸಿ ಅದೇ ಎಂಜಿನ್ ಉಳಿಸಿಕೊಂಡೆ. 1.00 ಕಂಡರೆ ಆ ಕ್ರ್ಯಾಂಕಿನ ಕಥೆ ಮುಗೀತು ಅನ್ನಿ. ಕ್ರ್ಯಾಂಕೂ ಹೊಸದು, ಬ್ಲಾಕಿನಲ್ಲೂ ಬಿರುಕು ಅಂದಾಗ ಬೇರೆ ಎಂಜಿನ್ನೇ ಲೇಸು. ಹಳೆಯದನ್ನು ಕೊಟ್ಟು ರೀಕಂಡೀಷನ್ ಆದದ್ದನ್ನು ತರುವ ಪ್ರೋಲೈಫ್ ಸ್ಕೀಮ್ ಟಾಟಾದವರಲ್ಲೇ ಇದೆ, ಡೀಲರ್ ಹತ್ತಿರ ರೇಟು ಕೇಳಿ.

ಗುಜರಿ ಎಂಜಿನ್ ಆದರೆ ಅದರ ಬಿಲ್ಲು, ಅದು ಮೊದಲಿದ್ದ ಗಾಡಿಯ ಕಾಗದ ಎರಡೂ ಕೈಗೆ ಬರದೆ ಅಡ್ವಾನ್ಸ್ ಕೊಡಬೇಡಿ. ಬ್ಲಾಕ್ ಬದಲಾದರೆ ಎಂಜಿನ್ ನಂಬರೂ ಬದಲಾಗುತ್ತದೆ. ಆರ್‌ಟಿಓದಲ್ಲಿ ಆರ್‌ಸಿಗೆ ಹತ್ತಿಸಬೇಕು, ಇನ್ಶೂರೆನ್ಸಿನಲ್ಲೂ ತಿದ್ದಿಸಬೇಕು. ನಮ್ಮ ಸ್ಟ್ಯಾಂಡಿನ ಒಬ್ಬರು ಇದನ್ನು ಬಿಟ್ಟು, ಎಫ್‌ಸಿಗೆ (ಫಿಟ್‌ನೆಸ್ ಸರ್ಟಿಫಿಕೇಟಿಗೆ) ಹೋದಾಗ ನಂಬರ್ ತಾಳೆಯಾಗದೆ ಗಾಡಿಯನ್ನು ತಿಂಗಳುಗಟ್ಟಲೆ ಮನೆ ಮುಂದೆ ನಿಲ್ಲಿಸಿಕೊಂಡಿದ್ದರು. ಕಂತು ಮಾತ್ರ ನಿಲ್ಲಲಿಲ್ಲ.

ಎಸ್ಟಿಮೇಟು ಓಡುವ ಗಾಡಿಯ ಬೆಲೆಯ ಅರ್ಧ ದಾಟಿದರೆ, ನಾನಾಗಿದ್ದರೆ ಇದ್ದ ಹಾಗೇ ಮಾರುತ್ತಿದ್ದೆ. ಚಾಸಿ, ಬಾಡಿ ಗಟ್ಟಿಯಿದ್ದರೆ ಸ್ವಲ್ಪ ಹೆಚ್ಚಾದರೂ ಹಾಕುತ್ತಿದ್ದೆ.

ಯಾವುದೇ ಮಾಡಿ, ಎಂಜಿನ್ ಕೂರಿಸುವ ಮೊದಲು ರೇಡಿಯೇಟರ್ ಬಿಚ್ಚಿಸಿ. ಸೋರಿಕೆ ಮುಚ್ಚೋಕೆ ಅರಿಶಿನ ಪುಡಿ ಸುರಿಯುವುದು ನಮ್ಮವರ ಹಳೇ ಚಾಳಿ. ನನಗೆ ಮಾರಿದವರೂ ಅದನ್ನೇ ಮಾಡಿದ್ದರು. ಕೊಳವೆಗಳ ತುಂಬ ಹಳದಿ ಕೆಸರು ಗಟ್ಟಿಯಾಗಿ ಕೂತಿತ್ತು.