ಅಜ್ಜಿಯ ಏಳು ಕಲ್ಲಿನ ವಜ್ರದೋಲೆಗೆ ನಿಜವಾದ ಬೆಲೆ ತಿಳಿಯುವುದು ಹೇಗೆ?

ಒಂದೇ ಜೊತೆ ಓಲೆಗೆ ಒಬ್ಬ ಅಂಗಡಿಯವರು ಹೇಳಿದ್ದರ ಮೂರು ಪಟ್ಟು ಇನ್ನೊಬ್ಬರು ಹೇಳಿದ್ದಾರೆ, ಯಾರನ್ನು ನಂಬಲಿ ಎಂದು ಕೇಳಿದ್ದೀರಿ. ಸದ್ಯಕ್ಕೆ ಇಬ್ಬರನ್ನೂ ನಂಬಬೇಡಿ. ಕೊಳ್ಳಲು ಕೂತವರು ಹೇಳುವ ಮೊತ್ತ ಚೌಕಾಸಿಯ ಮೊದಲ ಮಾತು, ಅಷ್ಟೇ.

ಮೊದಲಿಗೆ, ಓಲೆಯನ್ನು ತೊಳೆಯಲು ಹೋಗಬೇಡಿ. ಹಿಂಬದಿ ಪೂರ್ತಿ ಮುಚ್ಚಿದ್ದರೆ ಕಲ್ಲಿನ ಕೆಳಗೆ ಹೊಳಪಿಗೆಂದು ತೆಳು ತಗಡು ಇಟ್ಟಿರುವ ಸಾಧ್ಯತೆ ಹೆಚ್ಚು. ಸಂದಿಯಲ್ಲಿ ನೀರು ಇಳಿದರೆ ತಗಡು ಕಪ್ಪಾಗುತ್ತದೆ, ಒಳ್ಳೆಯ ಕಲ್ಲೂ ಮಂಕಾಗಿ ಕಾಣುತ್ತದೆ. ಅಂಗಡಿಯ ಅಲ್ಟ್ರಾಸಾನಿಕ್ ಯಂತ್ರವಂತೂ ಬೇಡವೇ ಬೇಡ.

ಹದಿನಾಲ್ಕು ಕಲ್ಲುಗಳನ್ನೂ ಒಂದೊಂದಾಗಿ ಪರೀಕ್ಷೆ ಮಾಡಿಸಿ. ಹಳೆಯ ಓಲೆಯಲ್ಲಿ ಎಂದೋ ಒಂದು ಕಲ್ಲು ಬಿದ್ದು, ಆ ಜಾಗಕ್ಕೆ ಜಿರ್ಕಾನ್ ಅಥವಾ ಅಮೆರಿಕನ್ ಡೈಮಂಡ್ ಕೂರಿಸಿರುವುದು ಅಪರೂಪವಲ್ಲ. ಶಾಖ ನೋಡುವ ಪೆನ್ನಿನಂಥ ಟೆಸ್ಟರ್ ಇವೆರಡನ್ನೂ ಹಿಡಿಯುತ್ತದೆ, ಆದರೆ ವಜ್ರದಂತೆಯೇ ಕಾಣುವ ಮಾಯ್ಸನೈಟ್ ಎಂಬ ಕಲ್ಲನ್ನು ವಜ್ರವೆಂದೇ ತೋರಿಸುತ್ತದೆ. ಅದಕ್ಕೆ ವಿದ್ಯುತ್ ವಾಹಕತೆಯನ್ನೂ ನೋಡುವ ಟೆಸ್ಟರ್ ಬೇಕು. ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸುವ ಪುಟ್ಟ ಭೂತಗನ್ನಡಿ, ಅಂದರೆ ಲೂಪ್‌ನಲ್ಲಿ ಓರೆಯಾಗಿ ನೋಡಿದಾಗ ಹಿಂಬದಿಯ ಮುಖಗಳ ಅಂಚು ಜೋಡಿಗೆರೆಯಾಗಿ ಕಂಡರೆ ಅದು ವಜ್ರವಲ್ಲ.

ಕಲ್ಲು ಬಿಚ್ಚದೆಯೇ ತೂಕ ಅಂದಾಜು ಮಾಡಬಹುದು, ಹಿಂಬದಿ ತೆರೆದಿದ್ದರೆ. ದುಂಡು ಕಲ್ಲಾದರೆ ವ್ಯಾಸ × ವ್ಯಾಸ × ಆಳ × 0.0061, ಅಳತೆ ಮಿಲಿಮೀಟರ್‌ನಲ್ಲಿ. 4 ಮಿ.ಮೀ. ವ್ಯಾಸ, 2.6 ಮಿ.ಮೀ. ಆಳ ಇದ್ದರೆ ಸುಮಾರು 0.25 ಕ್ಯಾರೆಟ್, ಅಂದರೆ 25 ಸೆಂಟ್. ಅಂಥ ಹದಿನಾಲ್ಕು ಸೇರಿ ಮೂರೂವರೆ ಕ್ಯಾರೆಟ್ ಆಯಿತೆಂದು ದೊಡ್ಡ ಕಲ್ಲಿನ ದರ ಹಾಕಬೇಡಿ. ಕಲ್ಲು ದೊಡ್ಡದಾದಂತೆ ಪ್ರತಿ ಕ್ಯಾರೆಟ್‌ನ ದರವೇ ಏರುತ್ತದೆ. ಹಾಗಾಗಿ 25 ಸೆಂಟಿನ ದರದಲ್ಲೇ ಲೆಕ್ಕ ಹಾಕಬೇಕು.

ಈಗ ಕಟಿಂಗ್ ವಿಷಯ. ಮೇಲ್ಭಾಗ ಎತ್ತರ, ನಡುವಿನ ಚಪ್ಪಟೆ ಮುಖ ಚಿಕ್ಕದು, ನೇರವಾಗಿ ನೋಡಿದರೆ ತಳದ ತುದಿ ಪುಟ್ಟ ವೃತ್ತವಾಗಿ ಕಾಣುತ್ತದೆ: ಇಷ್ಟಿದ್ದರೆ ಅದು ಹಳೆಯ ಕಟ್. ಅಂಚು ದುಂಡಗಿದ್ದರೆ ಓಲ್ಡ್ ಯುರೋಪಿಯನ್, ಮೂಲೆ ದುಂಡಾದ ಚೌಕವಾಗಿದ್ದರೆ ಓಲ್ಡ್ ಮೈನ್. 'ಹೊಳಪಿಲ್ಲ, ಹೊಸದಾಗಿ ಕಟ್ ಮಾಡಿಸಬೇಕು' ಎಂದು ಬೆಲೆ ಇಳಿಸುವವರು ಸಿಗುತ್ತಾರೆ. ಒಪ್ಪಬೇಡಿ. ತೂಕವೂ ಹೋಗುತ್ತದೆ, ಹಳೆಯ ಕಟ್ಟನ್ನೇ ಹುಡುಕಿ ಬರುವ ಗಿರಾಕಿಯೂ ಹೋಗುತ್ತಾನೆ.

ಮನೆಯವರು 'ಗೋಲ್ಕೊಂಡದ ಬ್ಲೂ ಜಾಗರ್' ಅಂದಿದ್ದಾರೆ ಎಂದು ಬರೆದಿದ್ದೀರಿ. ಎರಡೂ ಒಟ್ಟಿಗೆ ಕೂಡುವುದು ಕಷ್ಟ. ಜಾಗರ್ ಹೆಸರು ಬಂದದ್ದು ದಕ್ಷಿಣ ಆಫ್ರಿಕಾದ ಜಾಗರ್ಸ್‌ಫಾಂಟೇನ್ ಗಣಿಯಿಂದ. ಅಲ್ಲಿ ವಜ್ರ ಸಿಕ್ಕಿದ್ದು 1870ರಲ್ಲಿ. ನಮ್ಮ ಕಡೆ ನೀಲಿ ಛಾಯೆಯ ಕಲ್ಲಿಗೆಲ್ಲ ಆ ಹೆಸರು ಅಂಟಿಕೊಂಡಿದೆ. 365 ನ್ಯಾನೊಮೀಟರ್‌ನ ಯುವಿ ಟಾರ್ಚನ್ನು ಕತ್ತಲಲ್ಲಿ ಹಿಡಿದರೆ ಇಂಥ ಕಲ್ಲು ಗಾಢ ನೀಲಿಯಾಗಿ ಬೆಳಗುತ್ತದೆ. ಬಿಸಿಲಲ್ಲಿ ಈ ಗುಣ ಹಳದಿ ಛಾಯೆಯನ್ನು ಮರೆಮಾಡುತ್ತದೆ, ಆದ್ದರಿಂದ ಬಣ್ಣವನ್ನು ಕಿಟಕಿಯ ಬೆಳಕಲ್ಲಿ ತೀರ್ಮಾನಿಸಬೇಡಿ. ಇಲ್ಲಿ ಹೆಚ್ಚು ಬೆಲೆಗೆ ಹೋಗುವ ಈ ನೀಲಿಗೆ ಹೊರದೇಶದ ವ್ಯಾಪಾರದಲ್ಲಿ ಸಾಮಾನ್ಯವಾಗಿ ಬೆಲೆ ಇಳಿಯುತ್ತದೆ. ನಿಮ್ಮ ಇಬ್ಬರು ಅಂಗಡಿಯವರ ನಡುವಿನ ಅಂತರಕ್ಕೆ ಇದೂ ಕಾರಣವಿರಬಹುದು.

ಲ್ಯಾಬ್ ರಿಪೋರ್ಟ್ ಬೇಕೇ? ವಜ್ರ ಪರೀಕ್ಷಿಸುವ ಐಜಿಐ ಲ್ಯಾಬ್ ಆಭರಣವನ್ನು ಹಾಗೆಯೇ ನೋಡಿ ವರದಿ ಕೊಡುತ್ತದೆ, ನಿಮಗೆ ಅದು ಸಾಕು. ಇನ್ನೊಂದು ಲ್ಯಾಬ್ ಆದ ಜಿಐಎಯ ಗುಣಮಟ್ಟದ ಗ್ರೇಡಿಂಗ್‌ಗೆ ಬಿಡಿ ಕಲ್ಲೇ ಬೇಕು. 25 ಸೆಂಟಿನ ಕಲ್ಲಿಗಾಗಿ ಹಳೆಯ ಓಲೆಯನ್ನು ಬಿಚ್ಚಿಸುವುದು ನನ್ನ ಪ್ರಕಾರ ನಷ್ಟದ ಕೆಲಸ. ಒಂದು ಕ್ಯಾರೆಟ್ ದಾಟಿದ ಒಂಟಿ ಕಲ್ಲಾಗಿದ್ದರೆ ಮಾತೇ ಬೇರೆ. ಯಾವ ಗ್ರೇಡಿಂಗ್ ರಿಪೋರ್ಟಿನಲ್ಲೂ ಬೆಲೆ ಇರುವುದಿಲ್ಲ ಎಂಬುದೂ ನೆನಪಿರಲಿ.

ಬೆಲೆಗೆ ಸರ್ಕಾರಿ ನೋಂದಣಿ ಇರುವ ಆಭರಣ ಮೌಲ್ಯಮಾಪಕರ ಬಳಿ ಹೋಗಿ; ಶುಲ್ಕ ನಿಗದಿಯಾಗಿರಲಿ, ಬೆಲೆಯ ಶೇಕಡಾವಾರು ಬೇಡ. ಚಿನ್ನ ಮತ್ತು ಕಲ್ಲಿಗೆ ಬೇರೆ ಬೇರೆ ಲೆಕ್ಕ ಕೇಳಿ, ಒಳಗೆ ಅರಗು ಇದ್ದರೆ ಅದರ ತೂಕ ಕಳೆಯಲಿ. ವಿಮೆಗೆ ಬರೆಯುವ ಬೆಲೆ ಹೊಸದು ಕೊಳ್ಳಲು ಬೇಕಾಗುವ ಮೊತ್ತ. ಮಾರಿದರೆ ಕೈಗೆ ಬರುವುದು ಅದಕ್ಕಿಂತ ಬಹಳ ಕಡಿಮೆ. ಮಾರುವ ಯೋಚನೆ ಇದ್ದರೆ, ಓಲೆ 2001ಕ್ಕೂ ಹಿಂದಿನದಾದ್ದರಿಂದ, 2001ರ ಏಪ್ರಿಲ್ 1ರ ಮಾರುಕಟ್ಟೆ ಬೆಲೆಯನ್ನೂ ಅದೇ ಮೌಲ್ಯಮಾಪಕರಿಂದ ಬರೆಸಿಕೊಳ್ಳಿ. ಬಂಡವಾಳ ಲಾಭದ ತೆರಿಗೆ ಲೆಕ್ಕದಲ್ಲಿ ಅದನ್ನೇ ಅಸಲೆಂದು ಹಿಡಿಯಬಹುದು.