ವಿಕ್ಟೋರಿಯನ್ ಕವಿಗಳ ವಿಷಾದಕ್ಕೆ ಡಾರ್ವಿನ್ನನೇ ಕಾರಣನೇ?

ಡಾರ್ವಿನ್ನನಿಂದಾಗಿ ದೇವರ ಮೇಲಿನ ನಂಬಿಕೆ ಕುಸಿದದ್ದರಿಂದಲೇ ವಿಕ್ಟೋರಿಯನ್ (ಇಂಗ್ಲೆಂಡಿನ ವಿಕ್ಟೋರಿಯಾ ರಾಣಿಯ ಕಾಲದ) ಕವಿತೆಗಳಲ್ಲಿ ಅಷ್ಟೊಂದು ವಿಷಾದ ತುಂಬಿದೆಯೇ ಎಂದು ಕೇಳಿದ್ದೀರಿ. ಇಸವಿಗಳೇ ಇದನ್ನು ಒಪ್ಪುವುದಿಲ್ಲ. ಡಾರ್ವಿನ್ನನ ಜೀವವಿಕಾಸದ ಗ್ರಂಥ ಬಂದದ್ದು 1859ರಲ್ಲಿ. ಆ ಕಾಲದ ಕವಿ ಟೆನಿಸನ್ನನ ದೀರ್ಘ ಶೋಕಕಾವ್ಯ ‘ಇನ್ ಮೆಮೋರಿಯಂ’ 1850ರಲ್ಲೇ ಅಚ್ಚಾಗಿತ್ತು.

ಟೆನಿಸನ್ನನನ್ನು ಅಲುಗಾಡಿಸಿದ್ದು ಮೊದಲಿಗೆ ಒಂದು ಸಾವು. ಅವನ ಆಪ್ತ ಗೆಳೆಯ, ಅವನ ತಂಗಿಯನ್ನು ಮದುವೆಯಾಗಬೇಕಿದ್ದ ಆರ್ಥರ್ ಹ್ಯಾಲಮ್, 1833ರಲ್ಲಿ ವಿಯೆನ್ನಾದಲ್ಲಿ ಇದ್ದಕ್ಕಿದ್ದಂತೆ ತೀರಿಕೊಂಡ. ವಯಸ್ಸು ಇಪ್ಪತ್ತೆರಡು. ಸತ್ತವನು ಎಲ್ಲಿಗೆ ಹೋದ, ಮತ್ತೆ ಸಿಕ್ಕಾನೇ ಎಂಬ ತಳಮಳದಲ್ಲೇ ಬೇಯುತ್ತಿದ್ದ ಟೆನಿಸನ್, ಮುಂದೆ ಭೂವಿಜ್ಞಾನಿ ಚಾರ್ಲ್ಸ್ ಲಯೆಲ್‌ನನ್ನು ಓದಿದ. ಬೆಟ್ಟಗಳೂ ಸವೆದು ಹೋಗುತ್ತವೆ, ಎಷ್ಟೋ ಜೀವಜಾತಿಗಳು ಅಳಿದೇಹೋಗಿವೆ ಎಂಬುದಕ್ಕೆ ಅಲ್ಲಿ ಬಂಡೆಗಳೇ ಸಾಕ್ಷಿ.

ಕಾವ್ಯದ 55ನೆಯ ಭಾಗದಲ್ಲಿ ಅವನು ಒಂದು ಸಮಾಧಾನಕ್ಕೆ ಜೋತುಬೀಳುತ್ತಾನೆ: ಪ್ರಕೃತಿಗೆ ಒಬ್ಬೊಬ್ಬರ ಚಿಂತೆ ಇಲ್ಲದಿರಬಹುದು, ಜೀವಜಾತಿಯನ್ನಾದರೂ ಕಾಯುತ್ತದಲ್ಲ! 56ರಲ್ಲಿ ಅದೂ ಕೈತಪ್ಪುತ್ತದೆ. ಸಾವಿರ ಜೀವಜಾತಿಗಳು ಹೋದವು, ನನಗೆ ಯಾವುದರ ಪರಿವೆಯೂ ಇಲ್ಲ ಎಂದು ಕಡಿದಾದ ಬಂಡೆಯ ಪದರಗಳಿಂದ ಪ್ರಕೃತಿಯೇ ಕೂಗುತ್ತದೆ. ಗೆಳೆಯನೊಬ್ಬನಿಗಾಗಿ ಹಿಡಿದ ಶೋಕ ಮನುಷ್ಯಕುಲಕ್ಕೇ ಹರಡುವುದು ಇಲ್ಲಿ. ಆ ಶತಮಾನದ ಯಾವ ತರ್ಕಗ್ರಂಥಕ್ಕೂ ಇಷ್ಟು ಆಳಕ್ಕೆ ಇಳಿಯಲು ಆಗಿಲ್ಲವೆಂದು ನಾನು ನಂಬಿದ್ದೇನೆ. ಪದ್ಯದ ಕಟ್ಟಡವನ್ನೂ ಗಮನಿಸಿ. ನಾಲ್ಕು ಸಾಲುಗಳಲ್ಲಿ ನಡುವಿನ ಎರಡಕ್ಕೆ ಒಂದು ಅಂತ್ಯಪ್ರಾಸ. ನಾಲ್ಕನೆಯದು ಮರಳಿ ಮೊದಲನೆಯದರ ಪ್ರಾಸವನ್ನೇ ಹಿಡಿಯುತ್ತದೆ. ಮುಂದೆ ಸಾಗಿದಂತೆ ಕಂಡ ಮನಸ್ಸು ಹೊರಟಲ್ಲಿಗೇ ಬಂದು ನಿಲ್ಲುತ್ತದೆ. ಕೊನೆಗೆ ಟೆನಿಸನ್ ನಂಬಿಕೆಯನ್ನೇ ಆರಿಸಿಕೊಂಡ, ನಿಜ. ಆದರೆ ನನ್ನನ್ನು ಕಾಡುವುದು ಅವನ ಸಂದೇಹದ ಪದ್ಯಗಳೇ.

ಮ್ಯಾಥ್ಯೂ ಆರ್ನಾಲ್ಡ್‌ನ ‘ಡೋವರ್ ಬೀಚ್’ (1867) ಕವಿತೆ ಹೆಚ್ಚು ಪ್ರಸಿದ್ಧ; ಶ್ರದ್ಧೆಯ ಕಡಲು ಇಳಿಯುವ ಸದ್ದನ್ನು ಅದರಲ್ಲಿ ಕೇಳಬಹುದು. ಅವನ ಗೆಳೆಯ, ಕವಿ ಆರ್ಥರ್ ಹ್ಯೂ ಕ್ಲಫ್‌ನನ್ನು ಮಾತ್ರ ಜನ ಅನ್ಯಾಯವಾಗಿ ಮರೆತಿದ್ದಾರೆ. ಚರ್ಚಿನ ಧರ್ಮತತ್ವಗಳನ್ನು ಮನಃಪೂರ್ವಕ ಒಪ್ಪಲಾರದೆ, 1848ರಲ್ಲಿ ಆಕ್ಸ್‌ಫರ್ಡಿನ ಓರಿಯಲ್ ಕಾಲೇಜಿನ ಫೆಲೋ (ವಿದ್ವಾಂಸ ಸದಸ್ಯ) ಸ್ಥಾನವನ್ನೇ ಬಿಟ್ಟುಬಂದವನು ಅವನು.

ವಿಷಾದವಿದ್ದಲ್ಲೆಲ್ಲ ನಂಬಿಕೆ ಹೋಗಿದೆಯೆಂದು ತಿಳಿಯಬೇಡಿ. ಕವಿ ಜೆರಾರ್ಡ್ ಮ್ಯಾನ್ಲಿ ಹಾಪ್ಕಿನ್ಸ್ ಕ್ಯಾಥೊಲಿಕರ ಜೆಸ್ಯೂಟ್ ಸಂಘದ ಪಾದ್ರಿ. ಡಬ್ಲಿನ್ನಿನಲ್ಲಿದ್ದಾಗ ಅವನು ಬರೆದ ಹದಿನಾಲ್ಕು ಸಾಲಿನ ಸಾನೆಟ್‌ಗಳಷ್ಟು ಕತ್ತಲು ತುಂಬಿದ ಪದ್ಯಗಳು ಆ ಕಾಲದಲ್ಲಿ ವಿರಳ. ಅವನ ದೇವರು ಇದ್ದಾನೆ, ಓಗೊಡುವುದಿಲ್ಲ, ಅಷ್ಟೇ. ‘ಇನ್ ಮೆಮೋರಿಯಂ’ನ 54ರಿಂದ 56ರವರೆಗಿನ ಭಾಗಗಳನ್ನು ಒಂದೇ ಬಾರಿಗೆ ಗಟ್ಟಿಯಾಗಿ ಓದಿ, ಆಮೇಲೆ ಹಾಪ್ಕಿನ್ಸ್‌ಗೆ ಹೋಗಿ.