ಯೋಗಕ್ಕೆ ಸೇರಿದರೆ ಬಾಡು ಬಿಡಲೇಬೇಕಾ?

ಯೋಗ ಕ್ಲಾಸಿಗೆ ಸೇರಿ ಎರಡು ತಿಂಗಳಾಯ್ತು, ಮಾಂಸ ಬಿಡದಿದ್ದರೆ ಯೋಗ ಫಲಿಸಲ್ಲ ಅಂತ ಗುರುಗಳು ಹೇಳ್ತಾರೆ, ಮನೇಲಿ ಎಲ್ಲರೂ ತಿನ್ನೋರು, ಏನು ಮಾಡಲಿ ಅಂತ ಕೇಳಿದ್ದೀರಿ. ನನ್ನದು ಆಲೂರು ಕಡೆಯ ಹಳ್ಳಿ, ಇರೋದು ಹಾಸನದಲ್ಲಿ. ಯೋಗ ಶುರು ಮಾಡಿ ಹನ್ನೊಂದು ವರ್ಷ. ಅದರಲ್ಲಿ ಮೊದಲ ಆರು ವರ್ಷ ಬಾಡು ತಿನ್ನುತ್ತಲೇ ಮಾಡಿದೆ. ಸೊಂಟನೋವು ಹೋಯ್ತು, ಸಿಟ್ಟು ಹೋಗಲಿಲ್ಲ. ಬಾಡು ಬಿಟ್ಟ ಮೇಲೂ ಸಿಟ್ಟು ಹಾಗೇ ಇದೆ. ಬೇಕಾದರೆ ನಮ್ಮ ಮನೆಯವಳನ್ನು ಕೇಳಿ.

ನಮ್ಮ ಕ್ಲಾಸಿನಲ್ಲೂ ಒಬ್ಬರು ಮೇಷ್ಟ್ರು ಎಲ್ಲರ ಎದುರಿಗೇ "ಮಾಂಸ ತಿಂದ ಮೈ ಬಗ್ಗಲ್ಲ" ಅಂದಿದ್ದರು. ಮುಂದಿನ ಸಾಲಿನಲ್ಲಿ ಹುಟ್ಟಿದಾಗಿನಿಂದ ತಿಳಿಸಾರು ಉಂಡ ಒಬ್ಬ ರಾಯರಿದ್ದರು, ಅವರ ಕೈ ಮೊಣಕಾಲು ದಾಟುತ್ತಿರಲಿಲ್ಲ. ಊಟದ ಮಾತು ಅಂತ ಶುರುವಾದದ್ದು ನಮ್ಮ ಕಡೆ ಜಾತಿಯ ಮಾತಾಗೋದಕ್ಕೆ ಹೆಚ್ಚು ಹೊತ್ತು ಬೇಡ. ಅಷ್ಟು ಎಚ್ಚರ ಇಟ್ಟುಕೊಳ್ಳಿ.

ಹಾಗಂತ ಗುರುಗಳು ಇಲ್ಲದ್ದನ್ನು ಹೇಳುತ್ತಿಲ್ಲ. ಅಷ್ಟಾಂಗ ಯೋಗದ ಪಟ್ಟಾಭಿ ಜೋಯಿಸರು 1915ರಲ್ಲಿ ಹುಟ್ಟಿದ್ದು ಇಲ್ಲೇ ಹಾಸನದ ಹತ್ತಿರದ ಕೌಶಿಕದಲ್ಲಿ, 1927ರಲ್ಲಿ ತಮ್ಮ ಗುರು ಕೃಷ್ಣಮಾಚಾರ್ಯರ ಆಸನಗಳನ್ನು ಮೊದಲು ಕಂಡದ್ದೂ ಹಾಸನದಲ್ಲೇ. ಆ ಪರಂಪರೆಯವರು ಸಸ್ಯಾಹಾರವನ್ನೇ ಹೇಳಿಕೊಂಡು ಬಂದಿದ್ದಾರೆ. 15ನೇ ಶತಮಾನದ ಹಠಯೋಗ ಪ್ರದೀಪಿಕೆ ಅನ್ನೋ ಗ್ರಂಥದ ಅಪಥ್ಯದ, ಅಂದರೆ ಯೋಗಿ ತಿನ್ನಬಾರದ್ದರ ಪಟ್ಟಿಯಲ್ಲಿ ಮೀನು, ಆಡಿನ ಮಾಂಸ ಎರಡೂ ಇವೆ. ಆದರೆ ಅದೇ ಪಟ್ಟಿಯಲ್ಲಿ ಮೊಸರು, ಮಜ್ಜಿಗೆ, ಎಳ್ಳು, ಸಾಸಿವೆ, ಇಂಗು, ಬೆಳ್ಳುಳ್ಳಿ, ಹುಳ್ಳಿಕಾಳು ಕೂಡ ಇವೆ! ಮಟನ್ ಬಿಟ್ಟ ಯೋಗಪಟುಗಳು ಹುಳ್ಳಿಕಟ್ಟಿನ ಸಾರು ಬಿಟ್ಟದ್ದನ್ನು ನಾನಂತೂ ಹಾಸನದಲ್ಲಿ ನೋಡಿಲ್ಲ. ಮಿತಾಹಾರ ಅಂದರೆ ಹೊಟ್ಟೆಯ ಕಾಲುಭಾಗ ಖಾಲಿ ಬಿಡೋದು ಅಂತಲೂ ಅಲ್ಲೇ ಇದೆ. ನನಗೆ ಉಪಯೋಗಕ್ಕೆ ಬಂದದ್ದು ಈ ಮಾತು. ಹೊಸತೊಡಕಿನ ಬಾಡೂಟ ರಾತ್ರಿ ಹನ್ನೊಂದಕ್ಕೆ ಮುಗಿಸಿ ಬೆಳಗ್ಗೆ ಐದೂವರೆಗೆ ಹೊಟ್ಟೆ ಒಳಕ್ಕೆಳೆದು ಉಸಿರು ಹೊರದಬ್ಬೋ ಕಪಾಲಭಾತಿಗೆ ಕೂತು ನೋಡಿ, ಗೊತ್ತಾಗುತ್ತೆ. ತಿನ್ನೋದಾದರೆ ಮಧ್ಯಾಹ್ನ ತಿನ್ನಿ, ಒಂದು ಮುದ್ದೆಗೆ ನಿಲ್ಲಿಸಿ.

ಅಹಿಂಸೆಯ ವಿಷಯ ಮಾತ್ರ ಇಷ್ಟು ಸಲೀಸಲ್ಲ. ಯೋಗಸೂತ್ರದಲ್ಲಿ ಪತಂಜಲಿ ಯಮಗಳನ್ನು, ಅಂದರೆ ಯೋಗಿ ಪಾಲಿಸಬೇಕಾದ ಕಟ್ಟುಪಾಡುಗಳನ್ನು ಹೇಳುವಾಗ ಮೊದಲು ಇಟ್ಟಿದ್ದೇ ಅಹಿಂಸೆ. ಮುಂದಿನ ಸೂತ್ರದಲ್ಲಿ, ಜಾತಿ (ಇಂಥ ಜೀವ ಅಂತ), ದೇಶ, ಕಾಲ, ಸಮಯ (ಇಂಥದ್ದಕ್ಕೆ ಮಾತ್ರ ಅನ್ನೋ ಕಟ್ಟಳೆ) ಅಂತ ಯಾವ ಮಿತಿಯೂ ಇಲ್ಲದೆ ಪಾಲಿಸಿದರೆ ಅದು ಮಹಾವ್ರತ ಅನ್ನುತ್ತಾರೆ. ಆ ಮಿತಿಗಳಿಗೆ ಸೂತ್ರಗಳ ಹಳೆಯ ವಿವರಣೆಯಾದ ವ್ಯಾಸಭಾಷ್ಯ ಕೊಡುವ ಉದಾಹರಣೆ ಓದಿ ನನಗೆ ನಗು ಬಂತು. ಮೀನು ಬಿಟ್ಟು ಬೇರೇನೂ ಕೊಲ್ಲದ ಬೆಸ್ತ. ತೀರ್ಥಕ್ಷೇತ್ರದಲ್ಲಿ ಕೊಲ್ಲಲ್ಲ ಅನ್ನುವವನು. ಚತುರ್ದಶಿ, ಪುಣ್ಯದಿನ ಕೊಲ್ಲಲ್ಲ ಅನ್ನುವವನು. ದೇವರಿಗೆ, ಬ್ರಾಹ್ಮಣರಿಗೆ ಬಿಟ್ಟರೆ ಇನ್ಯಾತಕ್ಕೂ ಕೊಲ್ಲಲ್ಲ ಅನ್ನುವವನು. ಇದು ನಮ್ಮ ಮನೆಯೇ ಅಲ್ಲವಾ? ಸೋಮವಾರ ಮನೆದೇವರ ವಾರ, ಶನಿವಾರ ಬೇಡ, ಶ್ರಾವಣ ಕಳೀಲಿ, ಧರ್ಮಸ್ಥಳಕ್ಕೆ ಹೊರಟಿದ್ದೀವಿ ಮೊಟ್ಟೆನೂ ಮುಟ್ಟಬೇಡಿ. ಇಂಥ ಲೆಕ್ಕವನ್ನೆಲ್ಲ ಭಾಷ್ಯಕಾರರು ಅಂದೇ ನೋಡಿ ಪಟ್ಟಿ ಮಾಡಿದ್ದಾರೆ. ಹಾಗಾಗಿ ಶಾಸ್ತ್ರದಲ್ಲಿ ವಿನಾಯಿತಿ ಹುಡುಕಬೇಡಿ, ಸಿಗಲ್ಲ. ಆದರೆ ಬೆಳಗ್ಗೆ ಒಂದು ಗಂಟೆ ಸೂರ್ಯನಮಸ್ಕಾರ ಹಾಕೋದಕ್ಕೂ ಮಹಾವ್ರತಕ್ಕೂ ಬಹಳ ದೂರ ಇದೆ. ನೀವು ಸೇರಿರೋದು ಯಾವುದಕ್ಕೆ ಅಂತ ನಿಮಗೇ ಗೊತ್ತು.

ನಾನು ಬಿಟ್ಟಿದ್ದು ಸೂತ್ರ ಓದಿ ಅಲ್ಲ. ಅಪ್ಪ ತೀರಿಕೊಂಡ ವರ್ಷ ಪಿತೃಪಕ್ಷಕ್ಕೆ ಊರಿಗೆ ಹೋಗಿದ್ದೆ. ಕೋಳಿ ಕುಯ್ಯೋದು ಯಾವಾಗಲೂ ಅಪ್ಪನ ಕೆಲಸ, ಆ ಸಲ ಅವ್ವ ಕತ್ತಿಯನ್ನು ನನ್ನ ಕೈಗೆ ಕೊಟ್ಟಳು. ಹುಂಜನ ರೆಕ್ಕೆ ಕೂಡಿಸಿ ಹಿಡಿದರೆ ಅದರ ಎದೆ ನನ್ನ ಅಂಗೈಯಲ್ಲಿ ಡಬಡಬ ಹೊಡ್ಕೊಳ್ತಿತ್ತು. ಉಸಿರನ್ನು ಗಮನಿಸಿ, ಉಸಿರನ್ನು ಗಮನಿಸಿ ಅಂತ ಆರು ವರ್ಷ ಹೇಳಿಸಿಕೊಂಡಿದ್ದೆನಲ್ಲ, ಅದರ ಉಸಿರೂ ಗಮನಕ್ಕೆ ಬಂದುಬಿಡ್ತು. ಕೊನೆಗೆ ಕುಯ್ದವನು ಪಕ್ಕದ ಮನೆಯ ಹುಡುಗ. ಪುಕ್ಕ ತರಿದು, ಸುಟ್ಟು, ಅರಿಶಿನ ಹಚ್ಚಿದ್ದು ನಾನೇ. ಆಮೇಲಿಂದ ತಿನ್ನೋಕೆ ಮನಸ್ಸಾಗಲಿಲ್ಲ, ಬಿಟ್ಟೆ. ಮನೆಯಲ್ಲಿ ಹೆಂಡತಿ ಮಕ್ಕಳು ತಿಂತಾರೆ, ಭಾನುವಾರ ತಂದುಕೊಡೋನೂ ನಾನೇ. ಬಿಟ್ಟ ಎರಡನೇ ವರ್ಷ ರಕ್ತಪರೀಕ್ಷೆಯಲ್ಲಿ ಬಿ12 ಕಡಿಮೆ ಬಂತು, ಡಾಕ್ಟರು ಮಾತ್ರೆ ಕೊಟ್ಟರು. ನೀವೂ ಬಿಡೋದಾದರೆ ಒಮ್ಮೆ ಪರೀಕ್ಷೆ ಮಾಡಿಸಿಕೊಳ್ಳಿ.

ಪೂರ್ತಿ ಬಿಟ್ಟೆ ಅಂದರೆ ಸುಳ್ಳಾಗುತ್ತೆ. ವರ್ಷಕ್ಕೊಂದು ಸಲ ಅಪ್ಪನ ಎಡೆಗೆ ಕೋಳಿಸಾರು ಇಡ್ತೀವಿ. ಧೂಪ ಹಾಕಿ, ಬಾಗಿಲು ಮುಚ್ಚಿ, ಸ್ವಲ್ಪ ಹೊತ್ತು ಬಿಟ್ಟು ತೆಗೆದ ಮೇಲೆ ಅವ್ವ ಆ ಎಲೆಯಿಂದಲೇ ಒಂದು ತುಣುಕು ತೆಗೆದು "ನಿಮ್ಮಪ್ಪ ಉಂಡಿದ್ದು ಕಣೋ" ಅಂತ ಕೈ ಚಾಚುತ್ತಾಳೆ. ತಿಂತೀನಿ. ಭಾಷ್ಯದ ಪಟ್ಟಿಯಲ್ಲಿ ನಾಲ್ಕನೆಯವನು ನಾನೇ.